ಕಾಲೇಜು ಪ್ರಯೋಗಾಲಯದ ಅಪಾಯಕಾರಿ ತ್ಯಾಜ್ಯ: ಸಿಬ್ಬಂದಿಗೆ ಯಾವ ಬಗೆಯ ತರಬೇತಿ ಕೊಡಬೇಕು?

ಪ್ರಶ್ನೆ: ರಸಾಯನಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಪದವಿ ಮತ್ತು ಸ್ನಾತಕೋತ್ತರ ತರಗತಿಗಳಿರುವ ಕಾಲೇಜೊಂದರ ರಸಾಯನಶಾಸ್ತ್ರ ವಿಭಾಗದಲ್ಲಿ ನಾನು ಪಾಠ ಮಾಡುತ್ತೇನೆ. ಪ್ರಯೋಗಾಲಯದ ಸುರಕ್ಷತೆಯ ಹೊಣೆಯನ್ನು ಈ ವರ್ಷ ನನಗೆ ವಹಿಸಲಾಗಿದ್ದು, ಅಪಾಯಕಾರಿ ತ್ಯಾಜ್ಯವನ್ನು ನಿಭಾಯಿಸುವ ಬಗ್ಗೆ ಸಿಬ್ಬಂದಿಗೆ ತರಬೇತಿ ಏರ್ಪಡಿಸುವಂತೆ ಪ್ರಾಂಶುಪಾಲರು ಸೂಚಿಸಿದ್ದಾರೆ. ನಮ್ಮಲ್ಲಿ ಒಬ್ಬ ಲ್ಯಾಬ್ ಇನ್‌ಸ್ಟ್ರಕ್ಟರ್, ಮೂವರು ಅಟೆಂಡರ್‌ಗಳು, ಸ್ವಚ್ಛತೆಗಾಗಿ ಹೊರಗುತ್ತಿಗೆಯ ಮೇಲೆ ಬರುವ ಇಬ್ಬರು ಮಹಿಳೆಯರು ಮತ್ತು ಕೆಲವು ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ. ಅಟೆಂಡರ್‌ಗಳು ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿವರೆಗೆ ಓದಿದವರು. ಬಾಟಲಿಗಳ ಬಣ್ಣ, ಆಕಾರ ಮತ್ತು ಇಟ್ಟ ಜಾಗ ನೋಡಿಯೇ ಯಾವುದು ಏನೆಂದು ಗುರುತಿಸುವಷ್ಟು ಅನುಭವ ಅವರಿಗಿದೆ.

ಈಗಿನ ಪದ್ಧತಿಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬಿಎಸ್ಸಿ ಪ್ರಯೋಗಗಳ ಉಳಿಕೆ ಬಹುಪಾಲು ಸಿಂಕಿಗೆ ಹೋಗುತ್ತದೆ. ಸ್ನಾತಕೋತ್ತರ ವಿಭಾಗದ ಸಾವಯವ ದ್ರಾವಕಗಳನ್ನು ಖಾಲಿಯಾದ ಎರಡೂವರೆ ಲೀಟರಿನ ಕಂದು ಬಾಟಲಿಗಳಲ್ಲಿ ಸುರಿದು, ವಿಷಾನಿಲವನ್ನು ಹೊರಸೆಳೆಯುವ ಗೂಡಾದ ಫ್ಯೂಮ್ ಹುಡ್‌ನ ಕೆಳಗಿನ ಕಪಾಟಿನಲ್ಲಿ ಇಡುತ್ತಾರೆ. ಕಳೆದ ಬೇಸಿಗೆಯಲ್ಲಿ ಅಂಥ ಬಾಟಲಿಯೊಂದರ ಮುಚ್ಚಳ ರಾತ್ರಿ ಹೊತ್ತು ಸಿಡಿದು, ಒಳಗಿದ್ದದ್ದು ಕಪಾಟಿನ ತುಂಬ ಚೆಲ್ಲಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಅಟೆಂಡರ್ ಅದನ್ನು ಒರೆಸಲು ಹೋಗಿದ್ದರು. ಅದರಲ್ಲಿ ಏನಿತ್ತೆಂದು ಕೇಳಿದರೆ ಹೇಳಬಲ್ಲವರು ವಿಭಾಗದಲ್ಲಿ ಒಬ್ಬರೂ ಇರಲಿಲ್ಲ, ಏಕೆಂದರೆ ಬಾಟಲಿಯ ಮೇಲೆ ಹಳೆಯ ಕಂಪನಿಯ ‘ಮೆಥನಾಲ್’ ಚೀಟಿಯೇ ಇತ್ತು.

ಎರಡು ವರ್ಷಗಳ ಹಿಂದೆ ಒಂದು ತರಬೇತಿ ನಡೆದಿತ್ತು. ಹೊರಗಿನಿಂದ ಬಂದ ತಜ್ಞರು ಇಂಗ್ಲಿಷ್ ಸ್ಲೈಡುಗಳನ್ನು ತೋರಿಸಿ ಉತ್ತಮ ಉಪನ್ಯಾಸ ನೀಡಿದರು, ಪ್ರಮಾಣಪತ್ರಗಳೂ ಸಿಕ್ಕವು, ಆದರೆ ಮರುದಿನದಿಂದ ಎಲ್ಲವೂ ಯಥಾಸ್ಥಿತಿ. ಈ ಬಾರಿ ಹಾಗಾಗಬಾರದು ಎಂಬುದು ನನ್ನ ಕಳಕಳಿ. ಯಾರಿಗೆ ಏನನ್ನು ಮೊದಲು ಕಲಿಸಬೇಕು, ಎಷ್ಟರಮಟ್ಟಿಗೆ ಕಲಿಸಬೇಕು, ಮತ್ತು ಅವರು ಕಲಿತಿದ್ದಾರೆಂದು ತಿಳಿಯುವುದು ಹೇಗೆ ಎಂಬ ಬಗ್ಗೆ ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ: ನಿವೃತ್ತ ಸುರಕ್ಷತಾ ಅಧಿಕಾರಿ, ಬೆಂಗಳೂರು

ಮೇಡಂ, ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಮುಖ್ಯ ಭಾಗ ಇದೆ. ಬಾಟಲಿಯಲ್ಲಿ ಏನಿತ್ತೆಂದು ಬೆಳಿಗ್ಗೆ ಯಾರಿಗೂ ಗೊತ್ತಿರಲಿಲ್ಲ, ಆದರೆ ಸುರಿದ ಕ್ಷಣದಲ್ಲಿ ಸುರಿದವರಿಗೆ ಖಂಡಿತ ಗೊತ್ತಿತ್ತು. ಆ ತಿಳಿವಳಿಕೆ ಬಾಟಲಿಯ ಮೇಲೆ ಬರಹವಾಗಿ ಉಳಿಯಲಿಲ್ಲ. ಆದ್ದರಿಂದ ತರಬೇತಿಯನ್ನು ಅಟೆಂಡರ್‌ಗಳಿಂದ ಆರಂಭಿಸಬೇಡಿ. ತ್ಯಾಜ್ಯವನ್ನು ಉಂಟುಮಾಡುವವರಿಂದ, ಅಂದರೆ ಅಧ್ಯಾಪಕರು ಮತ್ತು ಸಂಶೋಧನಾ ವಿದ್ಯಾರ್ಥಿಗಳಿಂದ ಆರಂಭಿಸಿ. ಪ್ರಯೋಗವನ್ನು ಯೋಜಿಸುವಾಗಲೇ ಅದರ ಉಳಿಕೆ ಯಾವ ಡಬ್ಬಿಗೆ ಹೋಗುತ್ತದೆ ಎಂದು ಬರೆದಿಡದವರಿಗೆ ರಾಸಾಯನಿಕಗಳನ್ನೇ ಕೊಡಬಾರದು ಎಂಬ ನಿಯಮವನ್ನು ನಾನಿದ್ದ ಸಂಸ್ಥೆಯಲ್ಲಿ ಜಾರಿಗೆ ತಂದಿದ್ದೆವು. ಮೊದಮೊದಲು ಗೊಣಗಾಟ ಇತ್ತು. ಕ್ರಮೇಣ ಅದು ಅವಲೋಕನ ಪುಸ್ತಕ ಬರೆಯುವಷ್ಟೇ ಸಹಜವಾಯಿತು.

ನಿಮ್ಮ ಕಪಾಟಿನಲ್ಲಿ ಸಿಡಿದದ್ದು ಏನೆಂದು ಇಲ್ಲಿಂದ ನಿಶ್ಚಯವಾಗಿ ಹೇಳಲಾಗದು. ಆದರೆ ಅಂಥ ಘಟನೆಗಳಲ್ಲಿ ಮತ್ತೆ ಮತ್ತೆ ಕಂಡುಬರುವ ಕಾರಣವೆಂದರೆ ನೈಟ್ರಿಕ್ ಆಮ್ಲದ ಉಳಿಕೆಯನ್ನು ಮೆಥನಾಲ್, ಎಥನಾಲ್ ಅಥವಾ ಅಸಿಟೋನ್ ಇರುವ ಬಾಟಲಿಗೆ ಸುರಿಯುವುದು. ಸುರಿದ ಕೂಡಲೇ ಏನೂ ಆಗದಿರಬಹುದು, ಅದೇ ಇದರ ಮೋಸ. ಒಳಗೆ ಉತ್ಕರ್ಷಣ ಕ್ರಿಯೆ ನಿಧಾನವಾಗಿ ಕಾವೇರಿ, ಅನಿಲ ಹೆಚ್ಚುತ್ತಾ, ಬಿಗಿಯಾಗಿ ತಿರುಗಿಸಿದ ಮುಚ್ಚಳ ತಡೆಯಲಾರದ ಮಟ್ಟಕ್ಕೆ ಒತ್ತಡ ಏರುವುದಕ್ಕೆ ಕೆಲವೊಮ್ಮೆ ಗಂಟೆಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಸುರಿದವರು ಮನೆ ಸೇರಿರುತ್ತಾರೆ. ಸಂಶೋಧನಾ ವಿದ್ಯಾರ್ಥಿಗಳಿಗೆ ಬೇರೇನನ್ನು ಹೇಳದಿದ್ದರೂ ನೈಟ್ರಿಕ್ ಆಮ್ಲಕ್ಕೆ ಪ್ರತ್ಯೇಕ ಬಾಟಲಿ, ಆ ಬಾಟಲಿಗೆ ಒತ್ತಡ ಹೊರಹೋಗುವಂಥ ಮುಚ್ಚಳ, ಮತ್ತು ಯಾವುದೇ ತ್ಯಾಜ್ಯದ ಬಾಟಲಿಯನ್ನು ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬಾರದು ಎಂಬ ಮೂರನ್ನು ಮನದಟ್ಟು ಮಾಡಿಸಿ.

ನಿಮ್ಮಂಥ ವಿಭಾಗಕ್ಕೆ ಐದಾರು ಬಗೆಯ ಡಬ್ಬಿಗಳು ಸಾಕು. ಕ್ಲೋರೋಫಾರ್ಮ್, ಡೈಕ್ಲೋರೋಮೀಥೇನ್‌ಗಳಂಥ ಕ್ಲೋರಿನ್ ಇರುವ ದ್ರಾವಕಗಳಿಗೆ ಒಂದು, ಕ್ಲೋರಿನ್ ಇಲ್ಲದ ದ್ರಾವಕಗಳಿಗೆ ಇನ್ನೊಂದು, ಭಾರಲೋಹಗಳಿರುವ ನೀರಿನ ದ್ರಾವಣಗಳಿಗೆ ಮತ್ತೊಂದು, ಪಾದರಸಕ್ಕೆ ಬೇರೆಯದೇ, ಆಮ್ಲಗಳಿಗೂ ಪ್ರತ್ಯಾಮ್ಲಗಳಿಗೂ ಬೇರೆಬೇರೆ. ಅಸಿಟೋನ್ ಮತ್ತು ಕ್ಲೋರೋಫಾರ್ಮ್ ಎರಡೂ ದ್ರಾವಕಗಳೇ ಎಂದು ಒಂದೇ ಬಾಟಲಿಗೆ ಸುರಿದು, ಅದಕ್ಕೆ ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಸೇರಿಬಿಟ್ಟರೆ ತೀವ್ರವಾದ ಕ್ರಿಯೆ ನಡೆಯುತ್ತದೆ. ಸೋಡಿಯಂ ಅಜೈಡ್ ಬಳಸುವವರಿದ್ದರೆ ಅವರನ್ನು ಪ್ರತ್ಯೇಕವಾಗಿ ಕೂರಿಸಿ ಮಾತನಾಡಿ. ಅದು ಸಿಂಕಿನ ಕೆಳಗಿನ ತಾಮ್ರ ಅಥವಾ ಸೀಸದ ಕೊಳವೆಯಲ್ಲಿ ಸ್ಫೋಟಕ ಲವಣವಾಗಿ ಕೂರಬಲ್ಲದು, ಆಮ್ಲ ತಗುಲಿದರೆ ವಿಷಾನಿಲ ಬಿಡುತ್ತದೆ.

ಪದವಿ ಪ್ರಯೋಗಾಲಯಗಳಲ್ಲಿ ನನಗೆ ಹೆಚ್ಚು ಆತಂಕ ತರುವುದು ಟಾಲೆನ್ಸ್ ಕಾರಕ. ಆಲ್ಡಿಹೈಡ್ ಪರೀಕ್ಷೆಗೆಂದು ಅಮೋನಿಯಾ ಬೆರೆಸಿದ ಸಿಲ್ವರ್ ನೈಟ್ರೇಟ್ ತಯಾರಿಸಿ, ಉಳಿದದ್ದನ್ನು ನಾಳೆಯ ಬ್ಯಾಚಿಗೆ ಆಗಲಿ ಎಂದು ಎತ್ತಿಡುವ ಅಭ್ಯಾಸ ಎಷ್ಟೋ ಕಡೆ ಇದೆ. ಬೆಲೆಬಾಳುವ ಬೆಳ್ಳಿ ಎಂಬ ಮಿತವ್ಯಯದ ಬುದ್ಧಿ ಅದಕ್ಕೆ ಕಾರಣವಿರಬಹುದು. ಇಟ್ಟಷ್ಟೂ ಅದರಲ್ಲಿ ಅಲುಗಾಡಿಸಿದರೂ ಸಿಡಿಯಬಲ್ಲ ಕಪ್ಪು ಪ್ರಕ್ಷೇಪ ಉಂಟಾಗಬಹುದು. ಆದ ಕಾರಣ ಅದನ್ನು ಆಯಾ ತರಗತಿಗೆ ಬೇಕಾದಷ್ಟೇ ತಯಾರಿಸಿ, ತರಗತಿ ಮುಗಿಯುವ ಮೊದಲೇ ಸಾರರಿಕ್ತ ನೈಟ್ರಿಕ್ ಆಮ್ಲದಿಂದ ಆಮ್ಲೀಯಗೊಳಿಸಿ, ಅಡುಗೆ ಉಪ್ಪಿನ ದ್ರಾವಣ ಹಾಕಿ ಬೆಳ್ಳಿಯನ್ನು ಬಿಳಿಯ ಕ್ಲೋರೈಡ್ ಆಗಿ ಇಳಿಸಿಬಿಡಬೇಕು. ಇದು ವಿದ್ಯಾರ್ಥಿಗಳು ಪ್ರಯೋಗದ ಅಂಗವಾಗಿಯೇ ಕಲಿಯಬೇಕಾದ ಕೆಲಸ. ತೊಳೆಯುವ ತಟ್ಟೆಗೆ ಆ ಪರೀಕ್ಷಾ ನಳಿಗೆಗಳನ್ನು ಹಾಗೆಯೇ ಹಾಕಿ ಹೋದರೆ ಅಪಾಯ ಯಾರ ಕೈಗೆ ದಾಟುತ್ತದೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಿ.

ಇನ್ನು ಅಟೆಂಡರ್‌ಗಳ ವಿಷಯ. ಅವರಿಗೆ ರಸಾಯನಶಾಸ್ತ್ರ ಕಲಿಸುವ ಅಗತ್ಯವಿಲ್ಲ. ಒಂದು ಅಧಿಕಾರವನ್ನು ಕೊಡಬೇಕು: ಚೀಟಿ ಇಲ್ಲದ, ಚೀಟಿ ಅಳಿಸಿದ, ಉಬ್ಬಿದ, ಬೆಚ್ಚಗಿರುವ ಅಥವಾ ಸೋರುವ ಬಾಟಲಿಯನ್ನು ಮುಟ್ಟದೆ, ಯಾರೇ ಹೇಳಿದರೂ ತೆಗೆದುಕೊಳ್ಳದೆ, ವಿಭಾಗದ ಮುಖ್ಯಸ್ಥರನ್ನು ಕರೆಯುವ ಅಧಿಕಾರ. ಅದನ್ನು ಮುಖ್ಯಸ್ಥರ ಸಹಿಯೊಂದಿಗೆ ಲಿಖಿತ ಆದೇಶವಾಗಿ ಹೊರಡಿಸಿ, ತರಬೇತಿಯ ದಿನ ಎಲ್ಲ ಅಧ್ಯಾಪಕರ ಎದುರಿನಲ್ಲಿ ಓದಿ. ಮೇಲಿನವರ ಮಾತು ಮೀರಬಾರದೆಂಬ ಸಂಕೋಚದಿಂದ ಕೈಹಾಕಿ ಗಾಯಗೊಂಡ ಅಟೆಂಡರ್‌ಗಳನ್ನು ನನ್ನ ಸೇವಾವಧಿಯಲ್ಲಿ ಕಂಡಿದ್ದೇನೆ.

ಮತ್ತೊಂದು ಸಂಗತಿ. ಎಂದೋ ಕೊಂಡು ಮೂಲೆಗೆ ಸೇರಿದ್ದೂ ತ್ಯಾಜ್ಯವೇ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ವಿಕಿರಣ ಉಪಕರಣವನ್ನು 2010ರ ಫೆಬ್ರವರಿಯಲ್ಲಿ ಹರಾಜಿನಲ್ಲಿ ಮಾರಿದರು. ಅದು ದೆಹಲಿಯ ಮಾಯಾಪುರಿಯ ಗುಜರಿ ಅಂಗಡಿಗಳನ್ನು ಸೇರಿ, ಅಲ್ಲಿ ಬಿಚ್ಚಿದಾಗ ಒಳಗಿದ್ದ ವಿಕಿರಣಶೀಲ ಕೋಬಾಲ್ಟ್-60 ಹೊರಬಂದು ಹಲವರು ವಿಕಿರಣಕ್ಕೆ ತುತ್ತಾದರು, ಒಬ್ಬ ಕಾರ್ಮಿಕ ತೀರಿಕೊಂಡರು. ಆ ಯಂತ್ರ ಏನೆಂದು ಅದನ್ನು ಹೊತ್ತವರಿಗೆ ತಿಳಿದಿರಲಿಲ್ಲ. ತರಬೇತಿಗೆ ಮುಂಚೆ ನಿಮ್ಮ ಕಪಾಟು, ಅಟ್ಟ, ಉಗ್ರಾಣಗಳಲ್ಲಿ ಇರುವುದನ್ನೆಲ್ಲ ಪಟ್ಟಿ ಮಾಡಿಸಿ.

ಉತ್ತರ: ಆಸ್ಪತ್ರೆ ಪ್ರಯೋಗಾಲಯದ ಹಿರಿಯ ತಂತ್ರಜ್ಞ, ಹುಬ್ಬಳ್ಳಿ

ನಮ್ಮದು ರಕ್ತ, ಮೂತ್ರ, ಕಫ ಪರೀಕ್ಷಿಸುವ ಪ್ರಯೋಗಾಲಯ. ನಮಗೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಅನ್ವಯಿಸುತ್ತವೆ. ಕೆಲಸಕ್ಕೆ ಸೇರುವಾಗ ಒಮ್ಮೆ, ಆನಂತರ ವರ್ಷಕ್ಕೆ ಕನಿಷ್ಠ ಒಮ್ಮೆ, ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ತರಬೇತಿ ಕೊಡಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದೆ. ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆಯೂ ಕಡ್ಡಾಯ. ಹೊರಗುತ್ತಿಗೆಯವರನ್ನು ಬಿಟ್ಟು ತರಬೇತಿ ಮುಗಿಸುವ ಕೆಟ್ಟ ಪದ್ಧತಿ ಹಲವೆಡೆ ಇದೆ. ನಿಮ್ಮ ಇಬ್ಬರು ಮಹಿಳೆಯರನ್ನು ದಯವಿಟ್ಟು ಬಿಡಬೇಡಿ. ಕಸದ ಬುಟ್ಟಿಗೆ ಎಲ್ಲರಿಗಿಂತ ಕೊನೆಗೆ ಕೈಹಾಕುವವರು ಅವರೇ.

ಬಣ್ಣದ ಚೀಲಗಳ ವಿಷಯ ಬಹುತೇಕರಿಗೆ ಗೊತ್ತಿದೆ: ಸೋಂಕಿತ ಹತ್ತಿ, ಬಟ್ಟೆಗೆ ಹಳದಿ, ಪ್ಲಾಸ್ಟಿಕ್‌ಗೆ ಕೆಂಪು, ಸೂಜಿ ಮತ್ತು ಬ್ಲೇಡುಗಳಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ, ಗಾಜಿಗೆ ನೀಲಿ. ಗೋಡೆಗೆ ಚಿತ್ರ ಅಂಟಿಸಿದರೆ ಅಷ್ಟನ್ನು ಯಾರು ಬೇಕಾದರೂ ಕಲಿಯುತ್ತಾರೆ. ಎಡವುವುದು ರಾಸಾಯನಿಕದ ಜಾಗದಲ್ಲಿ. ಆಸ್ಪತ್ರೆಯವರಿಗೆ ಎಲ್ಲ ದ್ರವಕ್ಕೂ ‘ಹೈಪೋ ಹಾಕು’ ಎಂಬುದು ರೂಢಿ, ಅಂದರೆ ಶೇಕಡಾ 1ರಿಂದ 2ರ ಸೋಡಿಯಂ ಹೈಪೋಕ್ಲೋರೈಟ್. ರಕ್ತಕ್ಕೆ ಅದು ಸರಿ. ಆದರೆ ಕೋವಿಡ್ ಕಾಲದಲ್ಲಿ ಮನೆಮಾತಾದ ಆರ್‌ಎನ್‌ಎ ಬೇರ್ಪಡಿಸುವ ಕಿಟ್‌ಗಳ ದ್ರಾವಣದಲ್ಲಿ ಗ್ವಾನಿಡೀನ್ ಥಯೋಸಯನೇಟ್ ಇರುತ್ತದೆ. ಅದಕ್ಕೆ ಹೈಪೋ ಸುರಿದರೆ ಸಯನೈಡ್ ಗುಂಪಿನ ವಿಷಾನಿಲಗಳು ಬರುತ್ತವೆ. ಹಿಮೋಗ್ಲೋಬಿನ್ ಅಳೆಯುವ ಡ್ರಾಬ್ಕಿನ್ ದ್ರಾವಣದಲ್ಲಿ ಪೊಟ್ಯಾಸಿಯಂ ಸಯನೈಡ್ ಇರುವುದರಿಂದ ಅದಕ್ಕೆ ಆಮ್ಲ ತಗುಲಲೇಬಾರದು. ಹೈಪೋ ಇರುವ ಬಕೆಟ್ಟಿಗೆ ಶೌಚಾಲಯ ತೊಳೆಯುವ ಆಸಿಡ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಒಂದು ಒಳ್ಳೆಯ ನಿಯಮವನ್ನು ಎಲ್ಲೆಡೆಗೂ ಹಿಗ್ಗಿಸಿದಾಗ ಆಗುವ ಅನಾಹುತಗಳಿವು. ಹಾಗಾಗಿ ಏನು ಮಾಡಬೇಕೆಂದು ಕಲಿಸುವಾಗಲೇ ಅದನ್ನು ಎಲ್ಲಿ ಮಾಡಕೂಡದೆಂಬುದನ್ನೂ ಅದೇ ಉಸಿರಿನಲ್ಲಿ ಕಲಿಸಬೇಕು.

ಕಲಿತಿದ್ದಾರೆಂದು ತಿಳಿಯುವುದು ಹೇಗೆಂದು ಕೇಳಿದ್ದೀರಿ. ನಾವು ಒಂದು ಪುಸ್ತಕ ಇಟ್ಟಿದ್ದೇವೆ. ಪೆಟ್ಟಾಗದಿದ್ದರೂ ಆಗಬಹುದಾಗಿದ್ದ ಘಟನೆಗಳನ್ನು ಅದರಲ್ಲಿ ಬರೆಯುತ್ತಾರೆ: ಕೆಂಪು ಚೀಲದಲ್ಲಿ ಸೂಜಿ ಕಂಡಿತು, ಡಬ್ಬಿಯ ಮುಚ್ಚಳ ಸಡಿಲವಿತ್ತು, ಹೀಗೆ. ಬರೆದವರನ್ನು ಬೈಯುವುದಿಲ್ಲ, ಹೆಸರು ಹಾಕಲೇಬೇಕೆಂದೂ ಇಲ್ಲ. ತರಬೇತಿ ಚೆನ್ನಾಗಿ ನಾಟಿದ ತಿಂಗಳಲ್ಲಿ ಬರಹಗಳು ಹೆಚ್ಚುತ್ತವೆ, ಏಕೆಂದರೆ ಕಣ್ಣು ಸೂಕ್ಷ್ಮವಾಗಿರುತ್ತದೆ. ಪುಸ್ತಕ ಖಾಲಿ ಇದ್ದರೆ ಎಲ್ಲವೂ ಕ್ಷೇಮವೆಂದು ಮೇಲಧಿಕಾರಿಗಳು ನೆಮ್ಮದಿಯಾಗಿರುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ: ಲ್ಯಾಬ್ ಇನ್‌ಸ್ಟ್ರಕ್ಟರ್, ಪದವಿ ಕಾಲೇಜು, ದಕ್ಷಿಣ ಕನ್ನಡ

ಮೇಲಿನ ಇಬ್ಬರೂ ಏನು ಕಲಿಸಬೇಕೆಂದು ಚೆನ್ನಾಗಿ ಹೇಳಿದ್ದಾರೆ. ಹೇಗೆ ಕಲಿಸಬೇಕೆಂಬುದರ ಬಗ್ಗೆ ನಾನು ಬರೆಯುತ್ತೇನೆ. ತರಬೇತಿಯನ್ನು ಸಭಾಂಗಣದಲ್ಲಿ ನಡೆಸಬೇಡಿ. ಅವರು ದಿನವೂ ನಿಲ್ಲುವ ಸಿಂಕಿನ ಮುಂದೆ, ಅವರದೇ ಬಾಟಲಿಗಳನ್ನು ಇಟ್ಟುಕೊಂಡು ನಡೆಸಿ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು, ಒಂದು ಸಲಕ್ಕೆ ಒಂದೇ ವಿಷಯ.

ಗ್ಲೌಸ್ ಹಾಕುವುದು ಎಲ್ಲರಿಗೂ ಬರುತ್ತದೆ, ಬಿಚ್ಚುವುದು ಬರುವುದಿಲ್ಲ. ಇದನ್ನು ಅರಿಶಿನದಿಂದ ಕಲಿಸುತ್ತೇವೆ. ಅರಿಶಿನವನ್ನು ನೀರಿನಲ್ಲಿ ಕಲಸಿ ಗ್ಲೌಸಿನ ಮೇಲೆ ಹಚ್ಚಿಕೊಂಡು, ಅದು ಮೈಗೆ ತಾಗದಂತೆ ಬಿಚ್ಚಬೇಕು. ಬಹಳ ಮಂದಿ ಬೆರಳ ತುದಿಯನ್ನು ಎಳೆಯುತ್ತಾರೆ, ಮಣಿಕಟ್ಟಿಗೆ ಹಳದಿ ತಾಗುತ್ತದೆ. ಕೆಲವೊಮ್ಮೆ ಕಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿರುತ್ತದೆ. ಆಗ ಬಟ್ಟೆ ಸೋಪಿನ ನೀರು ಸವರಿದರೆ ತಾಗಿದ ಜಾಗವೆಲ್ಲ ಕೆಂಪಾಗಿ ಎದ್ದು ಕಾಣುತ್ತದೆ. ಸೋಪಿನ ಕ್ಷಾರಕ್ಕೆ ಅರಿಶಿನ ಕೆಂಪಾಗುವುದು ಎಲ್ಲ ಮನೆಗಳಲ್ಲೂ ಕಂಡದ್ದೇ. ಅದನ್ನು ಕಂಡ ಮೇಲೆ, ಒಂದು ಗ್ಲೌಸಿನ ಹೊರಮೈಯನ್ನು ಮಣಿಕಟ್ಟಿನ ಬಳಿ ಹಿಡಿದು ಒಳಗು ಹೊರಗಾಗುವಂತೆ ಎಳೆದು, ಬರಿಗೈಯ ಬೆರಳನ್ನು ಎರಡನೆಯದರ ಒಳಗಿನಿಂದ ತೂರಿಸಿ ಅದನ್ನೂ ಹಾಗೆಯೇ ಮಗುಚುವ ಕ್ರಮವನ್ನು ಅವರೇ ಒಬ್ಬರಿಗೊಬ್ಬರು ತಿದ್ದಿಕೊಳ್ಳುತ್ತಾರೆ. ನಮ್ಮ ಅಟೆಂಡರ್ ಒಬ್ಬರು ಈಗ ಪ್ರತಿವರ್ಷ ಹೊಸ ವಿದ್ಯಾರ್ಥಿಗಳಿಗೆ ಇದನ್ನು ತಾವೇ ಕಲಿಸುತ್ತಾರೆ, ನನಗಿಂತ ಚೆನ್ನಾಗಿ.

ಗ್ಲೌಸ್ ಇದ್ದರೆ ಆಯಿತೆಂಬ ಭ್ರಮೆಯೂ ಬೇಡ. ಡೈಕ್ಲೋರೋಮೀಥೇನ್ ತೆಳು ನೈಟ್ರೈಲ್ ಗ್ಲೌಸನ್ನು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್ ಅವರ ಲೇಟೆಕ್ಸ್ ಗ್ಲೌಸಿನ ಮೇಲೆ 1996ರ ಆಗಸ್ಟ್‌ನಲ್ಲಿ ಡೈಮೀಥೈಲ್ ಪಾದರಸದ ಕೆಲವು ಹನಿ ಬಿದ್ದಿತ್ತು. ಗ್ಲೌಸ್ ತಡೆಯುತ್ತದೆಂದೇ ಅಂದು ಎಲ್ಲರೂ ನಂಬಿದ್ದರು. ಮರುವರ್ಷದ ಜೂನ್‌ನಲ್ಲಿ ಅವರು ಪಾದರಸದ ವಿಷದಿಂದ ತೀರಿಕೊಂಡರು. ಹನಿ ಬಿದ್ದರೆ ಗ್ಲೌಸ್ ತಕ್ಷಣ ಬದಲಾಯಿಸಬೇಕೆಂಬ ನಿಯಮವನ್ನು ಸಂಶೋಧನಾ ವಿದ್ಯಾರ್ಥಿಗಳಿಗೆ ಈ ಘಟನೆಯೊಂದಿಗೇ ಹೇಳುತ್ತೇನೆ.

ಚೆಲ್ಲಿದ್ದನ್ನು ತೆಗೆಯುವ ಅಭ್ಯಾಸಕ್ಕೆ ಕುಂಕುಮದ ನೀರು ಚೆಲ್ಲಿ ನೋಡಿ. ಮೊದಲು ಜನರನ್ನು ದೂರ ಕಳಿಸುವುದು, ಕಿಟಕಿ ತೆರೆಯುವುದು, ಏನು ಚೆಲ್ಲಿತೆಂದು ಕೇಳಿ ತಿಳಿಯುವುದು, ಆಮೇಲೆ ಅಂಚಿನಿಂದ ಒಳಕ್ಕೆ ಒಣಮರಳು ಸುರಿಯುವುದು; ಆಮ್ಲವಾಗಿದ್ದರೆ ಮರಳಿಗೆ ಮೊದಲು ಅಡುಗೆ ಸೋಡಾ. ಒರೆಸುವ ಬಟ್ಟೆ ಹಿಡಿದು ಓಡಿಬರುವ ಅಭ್ಯಾಸ ತಪ್ಪಿಸಲು ನಾಲ್ಕಾರು ಬಾರಿ ಮಾಡಿಸಬೇಕು. ಇನ್ನೊಂದು ಮಾತು: ನಿಮ್ಮ ಸ್ವಚ್ಛತೆಯ ಮಹಿಳೆಯರು ಚಪ್ಪಲಿ ಹಾಕಿಕೊಂಡೋ ಬರಿಗಾಲಲ್ಲೋ ಕೆಲಸ ಮಾಡುತ್ತಿದ್ದರೆ ತರಬೇತಿಗಿಂತ ಮುಂಚೆ ಅವರಿಗೆ ಮುಚ್ಚಿದ ಬೂಟು ಕೊಡಿಸಿ.

ಉಪನ್ಯಾಸಕಿ, ಶಿವಮೊಗ್ಗ ಜಿಲ್ಲೆ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಲಿಖಿತ ಆದೇಶದ ಸಲಹೆಯನ್ನು ಪ್ರಾಂಶುಪಾಲರ ಮುಂದಿಟ್ಟಿದ್ದೇನೆ, ಅವರು ಒಪ್ಪಿದ್ದಾರೆ. ಎರಡು ಸಂದೇಹಗಳು ಉಳಿದಿವೆ. ಕಬ್ಬಿಣದ ಅಂದಾಜಿಗೆ ಡೈಕ್ರೋಮೇಟ್ ಎಂಬ ಕ್ರೋಮಿಯಂ ಲವಣ ಬಳಸುತ್ತೇವೆ, ನೀರಿನ ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ, ಅಂದರೆ ನೀರಿನಲ್ಲಿರುವ ಸಾವಯವ ಕಲ್ಮಶದ ಅಳತೆ) ಪ್ರಯೋಗವೂ ಪಠ್ಯದಲ್ಲಿದೆ. ಇವುಗಳ ಉಳಿಕೆಯನ್ನು ನಾವೇ ಸಂಸ್ಕರಿಸಿ ಚೆಲ್ಲುವಂತೆ ಸಿಬ್ಬಂದಿಗೆ ಕಲಿಸಬಹುದೇ? ಮತ್ತು ಸಂಗ್ರಹಿಸಿಟ್ಟ ತ್ಯಾಜ್ಯವನ್ನು ನಮ್ಮಂಥ ಸಣ್ಣ ಕಾಲೇಜು ಯಾರಿಗೆ ಒಪ್ಪಿಸಬೇಕು?

ಉತ್ತರ: ನೀರು ಪರೀಕ್ಷಾ ಪ್ರಯೋಗಾಲಯದ ರಸಾಯನತಜ್ಞೆ, ಮೈಸೂರು

ಸಿಒಡಿ ನಮ್ಮ ದಿನನಿತ್ಯದ ಕೆಲಸವಾದ್ದರಿಂದ ಅದರ ಬಗ್ಗೆ ವಿವರವಾಗಿ ಬರೆಯುತ್ತೇನೆ. ಆ ಒಂದು ಫ್ಲಾಸ್ಕಿನಲ್ಲಿ ಡೈಕ್ರೋಮೇಟ್ ಇದೆ, ಕ್ಲೋರೈಡನ್ನು ಹಿಡಿದಿಡಲು ಹಾಕಿದ ಪಾದರಸದ ಸಲ್ಫೇಟ್ ಇದೆ, ವೇಗವರ್ಧಕವಾಗಿ ಬೆಳ್ಳಿಯ ಸಲ್ಫೇಟ್ ಇದೆ, ಇವೆಲ್ಲವೂ ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿವೆ. ಟೈಟ್ರೇಷನ್ (ಹನಿಹನಿಯಾಗಿ ದ್ರಾವಣ ಸೇರಿಸಿ ಅಳೆಯುವ ಕೆಲಸ) ಮುಗಿದು ಫೆರೋಯಿನ್ ಸೂಚಕ ಕೆಂಗಂದು ಬಣ್ಣಕ್ಕೆ ತಿರುಗಿದಾಗ ಕ್ರೋಮಿಯಂ ಕಡಿಮೆ ಅಪಾಯದ ರೂಪಕ್ಕೆ ಬಂದಿರುತ್ತದೆ, ನಿಜ. ಆದರೆ ಪಾದರಸ ಹಾಗೆಯೇ ಇರುತ್ತದೆ. ‘ಟೈಟ್ರೇಷನ್ ಆಯಿತು, ಇನ್ನು ಚೆಲ್ಲಬಹುದು’ ಎಂಬ ಮಾತನ್ನು ಪದವೀಧರರ ಬಾಯಲ್ಲೂ ಕೇಳಿದ್ದೇನೆ. ಇದಕ್ಕೆ ಪ್ರತ್ಯೇಕ ಡಬ್ಬಿ ಇಟ್ಟು, ಏನನ್ನೂ ಸಂಸ್ಕರಿಸದೆ, ಅಧಿಕೃತ ಸಂಸ್ಥೆಗೇ ಒಪ್ಪಿಸಿ.

ಬರೀ ಡೈಕ್ರೋಮೇಟ್ ಉಳಿಕೆಯ ಕಥೆ ಬೇರೆ. ಪಿಹೆಚ್ (ಆಮ್ಲ-ಕ್ಷಾರದ ಅಳತೆ) 2ರಿಂದ 3ರ ಆಮ್ಲೀಯ ದ್ರಾವಣದಲ್ಲಿ ಸೋಡಿಯಂ ಬೈಸಲ್ಫೈಟ್ ಅಥವಾ ಫೆರಸ್ ಸಲ್ಫೇಟ್ ಹಾಕಿದರೆ ಕಿತ್ತಳೆ ಬಣ್ಣ ಹಸಿರಾಗುತ್ತದೆ. ಆಮೇಲೆ ಸುಣ್ಣದ ನೀರಿನಿಂದ ಪಿಹೆಚ್ ಅನ್ನು 8ರಿಂದ 9ಕ್ಕೆ ಏರಿಸಿದರೆ ಕ್ರೋಮಿಯಂ ಹೈಡ್ರಾಕ್ಸೈಡ್ ಆಗಿ ತಳಕ್ಕಿಳಿಯುತ್ತದೆ. ಆ ಕೆಸರೂ ಅಪಾಯಕಾರಿ ತ್ಯಾಜ್ಯವೇ ಎಂಬುದನ್ನು ಮರೆಯಬಾರದು. ಆದರೆ ಲೀಟರುಗಟ್ಟಲೆ ದ್ರವದ ಬದಲು ಸ್ವಲ್ಪ ಕೆಸರನ್ನು ಕಾಪಾಡಿದರಾಯಿತು. ಇದನ್ನು ಇನ್‌ಸ್ಟ್ರಕ್ಟರ್ ಅವರ ಕಣ್ಣೆದುರಿನಲ್ಲಿ ಎಂಎಸ್ಸಿ ವಿದ್ಯಾರ್ಥಿಗಳು ಮಾಡಲಿ. ಗಾಜು ತೊಳೆಯಲು ಇನ್ನೂ ಕ್ರೋಮಿಕ್ ಆಮ್ಲ ಬಳಸುತ್ತಿದ್ದರೆ ಅದನ್ನು ಈ ವಾರವೇ ನಿಲ್ಲಿಸಿ ಡಿಟರ್ಜೆಂಟಿಗೆ ಬದಲಾಯಿಸಿ. ಇಪ್ಪತ್ತು ಮಿಲಿಲೀಟರಿನ ಟೈಟ್ರೇಷನ್‌ಗಳನ್ನು ಐದಕ್ಕೆ ಇಳಿಸಲು ನಿಮ್ಮ ಅಧ್ಯಯನ ಮಂಡಳಿಯನ್ನು ಕೇಳಿ. ಉಂಟಾಗದ ತ್ಯಾಜ್ಯಕ್ಕೆ ತರಬೇತಿಯ ಅಗತ್ಯವೂ ಬೀಳದು. ದ್ರಾವಕವನ್ನು ಫ್ಯೂಮ್ ಹುಡ್‌ನಲ್ಲಿ ತೆರೆದಿಟ್ಟು ಆವಿಯಾಗಿಸುವುದನ್ನು ವಿಲೇವಾರಿ ಎಂದು ಯಾರೂ ಕರೆಯಬಾರದು.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ನಿಮಗೆ ಅನ್ವಯಿಸುವುದು ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ 2016ರ ನಿಯಮಗಳು. ಕೆಲಸ ಮಾಡುವವರ ಸುರಕ್ಷತೆಗೆ ಬೇಕಾದ ತರಬೇತಿ, ಸಲಕರಣೆ ಮತ್ತು ಮಾಹಿತಿ ಒದಗಿಸುವುದು ಸಂಸ್ಥೆಯ ಕರ್ತವ್ಯವೆಂದು ಅದರ ನಾಲ್ಕನೆಯ ನಿಯಮ ಹೇಳುತ್ತದೆ. ಆಡಳಿತ ಮಂಡಳಿ ಖರ್ಚಿಗೆ ಹಿಂಜರಿದರೆ ಇದನ್ನು ತೋರಿಸಿ. ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಸಣ್ಣ ಪ್ರಮಾಣದವರಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ಈ ಅವಧಿಯನ್ನು ವಿಸ್ತರಿಸಬಹುದು. ಮೊದಲು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಪ್ರಾದೇಶಿಕ ಕಚೇರಿಗೆ ತ್ಯಾಜ್ಯದ ಬಗೆ ಮತ್ತು ಪ್ರಮಾಣದ ಪಟ್ಟಿಯೊಂದಿಗೆ ಹೋಗಿ, ಅಧಿಕಾರಪತ್ರದ ವಿಷಯ ವಿಚಾರಿಸಿ. ಬೆಂಗಳೂರು ಸಮೀಪದ ದಾಬಸ್‌ಪೇಟೆಯಂಥ ಕಡೆ ಇಂಥ ತ್ಯಾಜ್ಯವನ್ನು ವಿಲೇವಾರಿ ಮಾಡುವ ಘಟಕಗಳಿವೆ. ಒಂದೊಂದು ಕಾಲೇಜಿನ ಅಲ್ಪ ಪ್ರಮಾಣಕ್ಕೆ ವಾಹನ ತರಿಸುವುದು ದುಬಾರಿಯಾಗುತ್ತದೆ, ಹಾಗಾಗಿ ಜಿಲ್ಲೆಯ ನಾಲ್ಕಾರು ಕಾಲೇಜುಗಳು ಒಂದೇ ದಿನಕ್ಕೆ ಗೊತ್ತುಮಾಡಿಕೊಳ್ಳಲು ಸಾಧ್ಯವೇ ಎಂದು ಅದೇ ಕಚೇರಿಯಲ್ಲಿ ಕೇಳಿ ನೋಡಿ.

ಚೀಟಿಯ ಬಗ್ಗೆಯೂ ಆ ನಿಯಮಗಳಲ್ಲಿ ನಮೂನೆ 8 ಇದೆ. ಎದ್ದುಕಾಣುವ ಹಳದಿಯ ಮೇಲೆ ‘ಅಪಾಯಕಾರಿ ತ್ಯಾಜ್ಯ’, ‘ಎಚ್ಚರಿಕೆಯಿಂದ ನಿರ್ವಹಿಸಿ’ ಎಂಬ ಮಾತುಗಳು ಕೆಂಪಿನಲ್ಲಿ, ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕು, ನೀರಿಗೆ ಅಳಿಸಬಾರದು. ಅಂದರೆ ಕನ್ನಡದ ಚೀಟಿ ಯಾರ ಔದಾರ್ಯವೂ ಅಲ್ಲ, ಅದು ಕಾನೂನಿನ ಬೇಡಿಕೆ. ಮೊದಲ ಹನಿ ಸುರಿಯುವ ಮೊದಲೇ ಚೀಟಿ ಅಂಟಿರಬೇಕು, ಸುರಿದವರೆಲ್ಲ ದಿನಾಂಕ ಮತ್ತು ಅಂದಾಜು ಪ್ರಮಾಣವನ್ನು ಅದರ ಕೆಳಗೆ ಬರೆಯುತ್ತಾ ಹೋಗಬೇಕು.

ಉತ್ತರ: ನಿವೃತ್ತ ಸುರಕ್ಷತಾ ಅಧಿಕಾರಿ, ಬೆಂಗಳೂರು

ಮೈಸೂರಿನ ಸೋದರಿಯ ಮಾತಿಗೆ ಒಂದೇ ತಕರಾರು. ಕ್ರೋಮಿಯಂ ಸಂಸ್ಕರಣೆಯನ್ನು ಇನ್‌ಸ್ಟ್ರಕ್ಟರ್ ಎದುರಿನಲ್ಲಿ ಮಾಡಿಸಿ ಎಂದಿರಿ, ಒಪ್ಪುತ್ತೇನೆ. ಆದರೆ ಕಾಲೇಜುಗಳಲ್ಲಿ ಇಂಥ ಕೆಲಸ ಮೊದಲ ವರ್ಷ ವಿದ್ಯಾರ್ಥಿಗಳ ಕೈಯಲ್ಲಿದ್ದು, ಎರಡನೆಯ ವರ್ಷಕ್ಕೆ ‘ಇವರಿಗೆ ಅಭ್ಯಾಸವಾಗಿದೆ’ ಎಂದು ಅಟೆಂಡರ್ ಪಾಲಿಗೆ ಬರುತ್ತದೆ. ಬೈಸಲ್ಫೈಟನ್ನು ಆಮ್ಲಕ್ಕೆ ಹಾಕಿದಾಗ ಸಲ್ಫರ್ ಡೈಆಕ್ಸೈಡ್ ಏಳುತ್ತದೆ, ಆಸ್ತಮಾ ಇರುವವರಿಗೆ ಅದು ಪ್ರಾಣಕ್ಕೇ ಕುತ್ತಾದೀತು. ಸಂಸ್ಕರಣೆ ಮಾಡಬಹುದಾದವರ ಹೆಸರುಗಳನ್ನು ಫ್ಯೂಮ್ ಹುಡ್‌ನ ಗಾಜಿನ ಪಕ್ಕದಲ್ಲೇ ತೂಗುಹಾಕಿ. ಅದರಲ್ಲಿಲ್ಲದವರು ಮಾಡುವಂತಿಲ್ಲ.

ಉಪನ್ಯಾಸಕಿ, ಶಿವಮೊಗ್ಗ ಜಿಲ್ಲೆ

ನಿಮ್ಮ ಸಲಹೆಯಂತೆ ಪಟ್ಟಿ ಮಾಡಲು ಹೊರಟಾಗ ಅಟ್ಟದಲ್ಲಿ ಹಳೆಯ ಬಾಟಲಿಗಳು ಸಿಕ್ಕಿವೆ. ಒಂದರಲ್ಲಿ ಪಿಕ್ರಿಕ್ ಆಮ್ಲ ಎಂದು ಮಸುಕಾದ ಅಕ್ಷರ ಓದಬರುತ್ತದೆ, ಒಳಗೆ ಹಳದಿ ಹರಳುಗಳು ಒಣಗಿದಂತಿವೆ. ಇನ್ನೆರಡು ಡೈಈಥೈಲ್ ಈಥರ್, ತೆರೆದ ದಿನಾಂಕ ಬರೆದಿಲ್ಲ. ಯಾವುದನ್ನೂ ಮುಟ್ಟದೆ ಬಾಗಿಲಿಗೆ ಬೀಗ ಹಾಕಿದ್ದೇವೆ. ಮುಂದೇನು ಮಾಡಬೇಕು?

ಉತ್ತರ: ನಿವೃತ್ತ ಸುರಕ್ಷತಾ ಅಧಿಕಾರಿ, ಬೆಂಗಳೂರು

ಬೀಗ ಹಾಕಿದ್ದು ಅತ್ಯಂತ ಸರಿಯಾದ ನಿರ್ಧಾರ. ಒಣಗಿದ ಪಿಕ್ರಿಕ್ ಆಮ್ಲ ಸ್ಫೋಟಕ. ಮುಚ್ಚಳದ ಎಳೆಗಳ ನಡುವೆ ಹರಳು ಕೂತಿದ್ದರೆ ತಿರುಗಿಸುವ ತಿಕ್ಕಾಟವೇ ಸಾಕಾಗಬಹುದು, ಲೋಹದ ಮುಚ್ಚಳವಾದರೆ ಅಪಾಯ ಇನ್ನೂ ಹೆಚ್ಚು. ಬಾಟಲಿಯನ್ನು ಅಲ್ಲಾಡಿಸುವುದು, ನೀರು ಹಾಕಲೆಂದು ತೆರೆಯುವುದು, ಕೆಳಗಿಳಿಸುವುದು ಯಾವುದೂ ಬೇಡ. ಈಥರ್ ಹಳೆಯದಾದರೆ ಸ್ಫೋಟಕ ಪೆರಾಕ್ಸೈಡ್ ಉಂಟಾಗುತ್ತದೆ. ಹೊಸ ಬಾಟಲಿಗಾದರೆ ಪೊಟ್ಯಾಸಿಯಂ ಅಯೊಡೈಡ್ ಪರೀಕ್ಷೆ ಮಾಡಿ ನೋಡಬಹುದಿತ್ತು, ದಿನಾಂಕವಿಲ್ಲದ ಇವುಗಳನ್ನು ಪರೀಕ್ಷೆಗೆಂದೂ ತೆರೆಯಬೇಡಿ. ಪ್ರಾಂಶುಪಾಲರ ಪತ್ರದೊಂದಿಗೆ ಇಂದೇ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಗೂ ಪೊಲೀಸರಿಗೂ ತಿಳಿಸಿ, ಬಾಂಬ್ ನಿಷ್ಕ್ರಿಯ ದಳದ ನೆರವು ಬೇಕಾಗಬಹುದೆಂದು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ. ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಂದು ಪ್ರತಿ ಹೋಗಲಿ. ಅವರು ಬರುವವರೆಗೆ ಅಟ್ಟದ ಕೆಳಗಿನ ಕೊಠಡಿಯಲ್ಲಿ ತರಗತಿ ನಡೆಸಬೇಡಿ, ಬೀಗದ ಕೈ ಒಬ್ಬರ ಬಳಿಯೇ ಇರಲಿ, ಮತ್ತು ಆ ಬಾಗಿಲ ಮೇಲೆ ಕಾರಣವನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಿ, ರಾತ್ರಿ ಕಾವಲುಗಾರರಿಗೂ ಬಾಯಿಮಾತಿನಲ್ಲಿ ಹೇಳಿ.